ಅಮ್ಮನ ಪಾದಕ್ಕೆ ತಿಳಿಯದ ಬಿಸಿ

ಉಡುಪಿಯ ಕಾನ್ವೆಂಟಿನಲ್ಲಿ ನಮಗೆ ಜೀವಶಾಸ್ತ್ರ ಕಲಿಸುತ್ತಿದ್ದ ಸಿಸ್ಟರ್ ಬೋರ್ಡಿನ ಮೇಲೆ ನರಕೋಶದ ಚಿತ್ರ ಬರೆದರೆ ಅಳಿಸಲು ಮನಸ್ಸು ಬರುತ್ತಿರಲಿಲ್ಲ. ಕೊಂಬೆಗಳಂತೆ ಕವಲೊಡೆದ ಕೋಶ, ಅದರಿಂದ ಹೊರಟ ಉದ್ದನೆಯ ಬಾಲ, ಬಾಲದ ಮೇಲೆ ಕೊಬ್ಬಿನ ಹೊದಿಕೆ. ಬಾಲದ ನಡುವೆ ಎರಡು ಸಣ್ಣ ಓರೆಗೆರೆ ಎಳೆದು, "ಇದು ಇಷ್ಟು ಗಿಡ್ಡ ಅಲ್ಲ ಮಕ್ಕಳೇ, ಪುಟದಲ್ಲಿ ಹಿಡಿಸುವುದಿಲ್ಲ ಅಂತ ಕತ್ತರಿಸಿದ್ದು" ಎನ್ನುತ್ತಿದ್ದರು. ಆ ಗೆರೆಗಳನ್ನು ನಾನು ಪೆನ್ಸಿಲ್ ಚೂಪು ಮಾಡಿಕೊಂಡು ಎಳೆಯುತ್ತಿದ್ದೆ. ಹಾಗಾದರೆ ಎಷ್ಟು ಉದ್ದ ಎಂದು ಕೇಳಬೇಕೆಂದು ಅನಿಸಲೇ ಇಲ್ಲ.

ನನ್ನ ತವರು ಕಾರ್ಕಳ. ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಮಗು ಹುಟ್ಟಿದರೂ ಮೀಯಿಸಲು ಅಮ್ಮನಿಗೇ ಕರೆ. ಬಚ್ಚಲಿನಲ್ಲಿ ಮಣೆಯ ಮೇಲೆ ಕುಳಿತು, ಸೀರೆ ಮೊಣಕಾಲಿನ ಮೇಲೆ ಸಿಕ್ಕಿಸಿ, ಕಾಲು ನೀಡಿ, ಎರಡು ಕಾಲುಗಳ ನಡುವಿನ ತಗ್ಗಿನಲ್ಲಿ ಮಗುವನ್ನು ಮಲಗಿಸುವಳು. ಮೊದಲ ಚೆಂಬು ನೀರು ತನ್ನ ಪಾದಕ್ಕೆ, ಆಮೇಲೆ ಮಗುವಿಗೆ. ಕೈಗಳಿಗೆ ಎಣ್ಣೆ ಮೆತ್ತಿರುವುದರಿಂದ ಬಿಸಿ ನೋಡುವುದು ಪಾದದ ಕೆಲಸ. ನಾನು ಮದುವೆಯಾಗಿ ಉಡುಪಿಯ ಬನ್ನಂಜೆಗೆ ಹೋದ ಮೇಲೆ ಅವಳು ಕಾದದ್ದು ಒಂದಕ್ಕೇ, ನನ್ನ ಮಗುವನ್ನು ಮೀಯಿಸಲು.

ಎಪ್ಪತ್ತರ ದಶಕದ ಕೊನೆಗೆ ಮಗಳು ಹುಟ್ಟಿದಳು. ಆ ಹೊತ್ತಿಗೆ ನಡೆಯುವಾಗ ಚಪ್ಪಲಿ ಕಾಲಿನಿಂದ ಕಳಚಿ ಅಂಗಳದಲ್ಲೇ ಉಳಿದರೂ ಅಮ್ಮನಿಗೆ ತಿಳಿಯುತ್ತಿರಲಿಲ್ಲ. "ಹತ್ತಿಯ ಮೇಲೆ ನಡೆದ ಹಾಗೆ ಆಗ್ತದೆ. ವಯಸ್ಸಾಯ್ತಲ್ವಾ" ಎಂದು ನಗುತ್ತಿದ್ದಳು. ನಾವೂ ನಗುತ್ತಿದ್ದೆವು.

ಮೊದಲ ಸ್ನಾನದ ದಿನ ಅಮ್ಮ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ಪಾದಕ್ಕೆ ನೀರು ಹೊಯ್ದು, "ತಣ್ಣಗುಂಟು, ಹಂಡೆಯಿಂದ ಬಿಸಿ ಹಾಕು" ಎಂದಳು. ಬಾಣಂತನಕ್ಕೆಂದು ಕಾಪುವಿನಿಂದ ಬಂದಿದ್ದ ಚಿಕ್ಕಮ್ಮ ಹಾಕಿದಳು. ಅಮ್ಮ ಮತ್ತೆ ಹೊಯ್ದುಕೊಂಡು ಇನ್ನೂ ಬೇಕೆಂದಳು. ಅದನ್ನೂ ಹಾಕಿದ ಚಿಕ್ಕಮ್ಮ ಹಬೆ ಕಂಡು ಬೆರಳು ಅದ್ದಿ, "ಅಯ್ಯೋ ಅಕ್ಕಾ! ನಿನಗೆ ಮಗು ಮೀಯಿಸ್ಲಿಕ್ಕೋ, ಗೆಣಸು ಬೇಯಿಸ್ಲಿಕ್ಕೋ?" ಎಂದು ಚೆಂಬು ಕಿತ್ತುಕೊಂಡಳು. ಮಗುವಿಗೆ ಹನಿಯೂ ತಾಗಿರಲಿಲ್ಲ. ಅಮ್ಮನ ಪಾದ ಕೆಂಪಾಗಿತ್ತು. ಅದನ್ನು ಅವಳು ಬೇರೆ ಯಾರದೋ ಪಾದ ನೋಡುವ ಹಾಗೆ ನೋಡುತ್ತ ಕುಳಿತಳು.

ಮಣಿಪಾಲದಲ್ಲಿ ಡಾಕ್ಟರರು ಸಕ್ಕರೆ ಕಾಯಿಲೆ ಎಂದರು. ಕಾಗದದ ಮೇಲೆ ನರಕೋಶ ಬರೆದು ತೋರಿಸಿದರು. ಸಿಸ್ಟರ್ ಬರೆದದ್ದೇ, ಅಷ್ಟು ಚಂದ ಇಲ್ಲ.

"ಬೆನ್ನಿನಿಂದ ಕಾಲ್ಬೆರಳಿನ ತನಕ ಇದು ಒಂದೇ ಎಳೆ ಅಮ್ಮಾ. ಬಿಸಿ, ತಂಪು, ಮುಳ್ಳು ಚುಚ್ಚಿದ್ದು, ಎಲ್ಲ ಸುದ್ದಿಯೂ ಇದರಲ್ಲೇ ಮೇಲೆ ಬರಬೇಕು. ಸಕ್ಕರೆ ಹೆಚ್ಚಾದರೆ ಉದ್ದದ ಎಳೆಯೇ ಮೊದಲು ಸೊರಗುವುದು, ಅದೂ ತುದಿಯಿಂದ."

"ಸರಿ ಆಗ್ತದಾ ಡಾಕ್ಟ್ರೇ? ಮನೆಯಲ್ಲಿ ಮಗು ಮೀಯಿಸ್ಲಿಕ್ಕೆ ಉಂಟು."

"ಇದ್ದದ್ದನ್ನು ಉಳಿಸಿಕೊಳ್ಳುವ" ಎಂದರು ಅವರು. ನಾನು ಚಿತ್ರದಲ್ಲಿ ಓರೆಗೆರೆಗಳನ್ನು ಹುಡುಕಿದೆ. ಇರಲಿಲ್ಲ. ಎಳೆ ಕಾಗದದ ಅಂಚಿನ ತನಕ ಹೋಗಿತ್ತು.

ಮುಂದೆ ದಿನವೂ ಮೀಯಿಸಿದವಳು ಚಿಕ್ಕಮ್ಮ. "ಇದೆಂಥ ಮಗು ಮಾರಾಯ್ತಿ, ಬಂಗುಡೆ ಮೀನಿನ ಹಾಗೆ ಜಾರ್ತದೆ!" ಎಂದು ಬಚ್ಚಲಿನಿಂದ ಕೂಗುವಳು. ಹೊಸ್ತಿಲಲ್ಲಿ ಟವೆಲ್ ಹಿಡಿದು ನಿಂತ ಅಮ್ಮ, "ಕುತ್ತಿಗೆ ಹಿಡಿ, ಕುತ್ತಿಗೆ" ಎನ್ನುವಳು. ಬಾಣಂತನ ಮುಗಿಸಿ ಉಡುಪಿಯ ಬಸ್ಸಿನಲ್ಲಿ ಕುಳಿತಾಗಲೇ ನನಗೆ ಹೊಳೆದದ್ದು: ನಾನು ಸ್ವಲ್ಪ ಸುಧಾರಿಸಿಕೊಂಡ ಮೇಲೆ ಕಾಲು ನೀಡಿ ಕುಳಿತುಕೊಳ್ಳಬಹುದಿತ್ತು. ಕಾಲು ನನ್ನದು, ಕೈ ಅವಳದು. ಆಗ ಅವಳ ಕೈ ಚೆನ್ನಾಗಿಯೇ ಇತ್ತು.

ಕೆಲವು ವರ್ಷಗಳ ಮೇಲೆ ಮಗ ಹುಟ್ಟಿದ. ಈ ಸಲ ನಾನೇ ಹಟ ಮಾಡಿ ಮಣೆಯ ಮೇಲೆ ಕಾಲು ನೀಡಿ ಕುಳಿತು, "ಬಾ ಅಮ್ಮಾ" ಎಂದೆ. ಅವಳು ಖುಷಿಯಿಂದಲೇ ಬಂದಳು. ಬಳೆ ಮೇಲೆ ಸರಿಸಿ ನೀರಿಗೆ ಕೈಯಿಟ್ಟಳು, ಸ್ವಲ್ಪ ಹೊತ್ತು ಹಾಗೆಯೇ ಇದ್ದಳು, ತೆಗೆದಳು.

"ಈಗ ಕೈಗೂ ಗೊತ್ತಾಗುವುದಿಲ್ಲ ಮಗಾ. ನೀನೇ ಹೊಯ್ಯಿ."

ನಾನೇ ಹೊಯ್ದೆ. ಒರೆಸಿ ಚಾಪೆಯ ಮೇಲೆ ಮಲಗಿಸಿದಾಗ ಅಮ್ಮ ಬಗ್ಗಿ ಮಗುವಿನ ಹೊಟ್ಟೆಗೆ ತನ್ನ ಕೆನ್ನೆ ಒತ್ತಿದಳು. ಬಹಳ ಹೊತ್ತು ಎತ್ತಲಿಲ್ಲ.

"ಬೆಚ್ಚಗುಂಟು" ಎಂದಳು.