ಬೆನ್ನ ಮೇಲಿನ ಕೈ

ಬೆಳಕವಾಡಿಯಲ್ಲಿ ಬೆಳ್ಳಮ್ಮ ಹುಟ್ಟಿದಾಗ ನೇರಳೆ ಹಣ್ಣಿನ ಬಣ್ಣದ ಕೂಸು. ಅಜ್ಜಿಯ ಹೆಸರು ಬಿಡಬಾರದೆಂದು ಬೆಳ್ಳಮ್ಮ ಎಂದೇ ಕರೆದರು. ‘ಕರೀಕೂಸ್ಗೆ ಬೆಳ್ಳಮ್ಮ ಅಂತ ಎಸ್ರಿಟ್ರಲ್ಲ, ಏನ್ ನಗ್ಸಾಕಾ?’ ಎಂದು ಕೇರಿಯವರು ನಕ್ಕಿದ್ದರು. ಯಲಿಯೂರಿನ ಕಡೆಯ ಲಿಂಗಯ್ಯನಿಗೆ ಕೊಟ್ಟ ಮೇಲೂ ಆ ನಗು ಅವಳ ಹಿಂದೆಯೇ ಬಂದಿತ್ತು. ಆದರೆ ಮೂವತ್ತು ದಾಟಿದ ಮೇಲೆ ತುಟಿಯ ಅಂಚಿನಲ್ಲಿ ಒಂದು ಬಿಳಿ ಚುಕ್ಕೆ ಕಂಡಿತು. ಮಜ್ಜಿಗೆ ಕುಡಿದು ಬಾಯಿ ಒರೆಸಿಕೊಳ್ಳದ ಹಾಗೆ. ಒರೆಸಿದರೆ ಹೋಗಲಿಲ್ಲ. ಆಮೇಲೆ ಬೆರಳ ತುದಿ, ಪಾದ, ಮೊಣಕೈ. ಕೊನೆಗೆ ಬೆನ್ನಿನ ನಡುವೆ ಮೊರದಗಲ ಬಿಳುಪು ಹರಡಿತು.

‘ಎಸ್ರಿಗೆ ತಕ್ಕಂಗಾದ್ಲು ಬುಡಿ’ ಎಂದರು ಕೊಳಾಯಿಯ ಹತ್ತಿರ. ಆಗ ಯಾರೂ ನಗಲಿಲ್ಲ.

ಅತ್ತೆ ಚಿಕ್ಕಬೋರಮ್ಮ ಕೆಟ್ಟವಳಾಗಿರಲಿಲ್ಲ. ಮೊದಮೊದಲು ಮದ್ದೂರಿನ ಗ್ರಂಥಿಗೆ ಅಂಗಡಿಯಿಂದ ತೊನ್ನಿಗೆ ಮದ್ದೆಂದು ಬಾವಂಚಿ ಬೀಜ ತಂದು, ಗಂಜಲದಲ್ಲಿ ನೆನೆಹಾಕಿ, ಕುಟ್ಟಿ, ಎಣ್ಣೆಯಲ್ಲಿ ಕಾಯಿಸಿ ತನ್ನ ಕೈಯಾರೆ ಸೊಸೆಯ ಮೈಗೆ ಹಚ್ಚಿದಳು. ಹಚ್ಚಿ ಹುಲ್ಲಿನ ಮೆದೆಯ ಪಕ್ಕ ಬಿಸಿಲಿಗೆ ಕೂರಿಸಿದಳು. ಬಾವಂಚಿ ಎಣ್ಣೆ ಬಿಸಿಲು ಕಂಡರೆ ಚರ್ಮವನ್ನು ಸುಡುತ್ತದೆ. ಬೊಬ್ಬೆ ಎದ್ದಿತು, ಒಡೆಯಿತು, ಒಣಗಿತು. ಬಿಳುಪು ಮಾತ್ರ ಇದ್ದಲ್ಲೇ ಇತ್ತು.

ಅತ್ತೆಗೆ ಭಯ ಹತ್ತಿದ್ದು ಆಮೇಲೆ. ಒಂದು ಸಂಜೆ ಮಗನನ್ನು ದೇವರ ಗೂಡಿನ ಮುಂದೆ ನಿಲ್ಲಿಸಿದಳು.

‘ಇವ್ಳ ಮೈ ಮುಟ್ಟಾಕಿಲ್ಲ ಅಂತ ದೀಪ ಮುಟ್ಟಿ ಬಾಸೆ ಕೊಡ್ಲಾ ಮಗ. ಮನೇಲಿ ಇನ್ನೂ ಕೂಸ್ಗಳು ಉಟ್ಬೇಕು.’

ಲಿಂಗಯ್ಯ ದೀಪ ಮುಟ್ಟಿದ. ಆಡಿದ ಮಾತಿಗೆ ತಪ್ಪುವವನಲ್ಲ ಅವನು. ಅಂದಿನಿಂದ ಅವನ ಚಾಪೆ ಜಗಲಿಗೆ ಹೋಯಿತು. ಬೆಳ್ಳಮ್ಮ ತಟ್ಟೆ ಇಟ್ಟು ಎರಡು ಹೆಜ್ಜೆ ಹಿಂದೆ ಸರಿಯಬೇಕು, ಆಮೇಲೆ ಅವನು ಎಳೆದುಕೊಳ್ಳಬೇಕು. ಮುದ್ದೆ ಕಟ್ಟುವುದು ಮೈದುನನ ಹೆಂಡತಿ ಕುಸುಮಳ ಪಾಲಾಯಿತು. ಬಳೆಗಾರ ಬಂದರೆ ಬಳೆಗಳನ್ನು ಕಲ್ಲಿನ ಮೇಲಿಟ್ಟು, ‘ನೀವೇ ಏರಿಸ್ಕಳಿ ಕಣಮ್ಮ’ ಎಂದು ಆಕಾಶ ನೋಡುತ್ತಿದ್ದ. ಅತ್ತೆ ಸತ್ತಳು. ಭಾಷೆ ಸಾಯಲಿಲ್ಲ. ತೆಗೆದುಕೊಂಡವರು ಬದುಕಿದ್ದರೆ ಭಾಷೆ ಬಿಡಿಸಿಕೊಳ್ಳಬಹುದು. ಸತ್ತರೆ ಅದು ಕಲ್ಲಾಗುತ್ತದೆ.

ಮಂಡ್ಯದಲ್ಲಿ ಒಬ್ಬ ಚರ್ಮದ ಡಾಕ್ಟರಮ್ಮ ಇದಕ್ಕೆ ಬೆಳಕು ಕೊಡುತ್ತಾರೆಂದು ಬೆಳ್ಳಮ್ಮನಿಗೆ ಗೊತ್ತಾದದ್ದು ಶಾಲೆಯಲ್ಲಿ ನಡೆದ ಆರೋಗ್ಯ ತಪಾಸಣೆಯ ದಿನ. ಒಬ್ಬಳೇ ರೈಲು ಹತ್ತಿದಳು. ರೈಲಿನಲ್ಲಿ ಅವಳಿಗೆ ಸೀಟಿನ ಕಷ್ಟವಿರಲಿಲ್ಲ. ಕೂತರೆ ಅಕ್ಕಪಕ್ಕದವರೇ ಎದ್ದುಹೋಗುತ್ತಿದ್ದರು.

ಬೆಳಕಿನ ಯಂತ್ರ ಬಟ್ಟೆ ಇಡುವ ಬೀರುವಿನ ಹಾಗಿತ್ತು. ಒಳಗೆ ನಾಲ್ಕೂ ಕಡೆ ಉದ್ದುದ್ದ ಟ್ಯೂಬುಗಳು. ಅಲ್ಲಿ ಕೆಲಸಕ್ಕಿದ್ದ ರಂಜಿತ ಎಂಬ ಹುಡುಗಿ ಬಟ್ಟೆ ತೆಗೆಸಿ, ಕಣ್ಣಿಗೆ ಕಪ್ಪು ಕನ್ನಡಕ ಹಾಕಿ, ಒಳಗೆ ನಿಲ್ಲಿಸಿದಳು.

‘ಎದ್ರಬೇಡಿ ಬೆಳ್ಳಮ್ನೋರೆ. ಅಲ್ಲಾಡ್ದೆ ನಿಂತ್ಕಳಿ, ಅಷ್ಟೆ.’

ಬಾಗಿಲು ಮುಚ್ಚಿತು. ಜೇನುಗೂಡಿಗೆ ಕಲ್ಲು ಬಿದ್ದ ಹಾಗೆ ಗುಂಯ್ ಎಂದಿತು. ಕನ್ನಡಕದ ಒಳಗಿಂದ ಬೆಳ್ಳಮ್ಮ ತನ್ನ ಮೈಯನ್ನು ನೋಡಿಕೊಂಡಳು. ಕಪ್ಪು ಚರ್ಮ ಇದ್ದ ಕಡೆಯೆಲ್ಲ ಕತ್ತಲೆ. ಬಿಳುಪು ಇದ್ದ ಕಡೆ ಮಾತ್ರ ನೀಲಿ ಹೊಳಪು. ಬೆರಳ ತುದಿಗಳು, ಎರಡು ಮೊಣಕೈ, ಎರಡು ಪಾದ, ನಡುವೆ ಏನೂ ಇಲ್ಲ. ತಾನು ಎಂದೋ ಸತ್ತು, ಮುಟ್ಟಿಸಿಕೊಳ್ಳದ ತುಂಡುಗಳು ಮಾತ್ರ ಇಲ್ಲಿ ತೇಲುತ್ತಿವೆ ಎನ್ನಿಸಿತು. ಹೊರಗೆ ಬಂದು ಸೀರೆ ಉಟ್ಟುಕೊಳ್ಳುವಾಗ ಹೊಟ್ಟೆಯನ್ನು ಮುಟ್ಟಿ ನೋಡಿಕೊಂಡಳು. ಇತ್ತು.

ಆದರೂ ಬೆಳಕು ಹತ್ತಿತು. ದೀಪಾವಳಿ ಕಳೆದು ಸಂಕ್ರಾಂತಿ ಬರುವ ಹೊತ್ತಿಗೆ ತುಟಿಯ ಬಿಳುಪಿನ ಒಳಗೆ ರಾಗಿ ಕಾಳು ಚೆಲ್ಲಿದಂತೆ ಸಣ್ಣ ಕಪ್ಪು ಚುಕ್ಕಿಗಳು ಎದ್ದವು. ‘ಬಣ್ಣ ಬರ್ತಿದೆ. ಕೈಗೆ ನಿಧಾನ, ಮುಖಕ್ಕೆ ಬೇಗ’ ಎಂದರು ಡಾಕ್ಟರ್ ಅರುಂಧತಿ. ಹಚ್ಚಿಕೊಳ್ಳಲು ಮುಲಾಮನ್ನೂ ಕೊಟ್ಟಿದ್ದರು. ಬೆನ್ನಿನ ನಡುವೆ ಮಾತ್ರ ಬೆಳ್ಳಮ್ಮನ ಕೈ ಎಟುಕದು. ಗೋಡೆಗೆ ಒರಗಿ, ಕೋಲಿಗೆ ಬಟ್ಟೆ ಸುತ್ತಿ, ಏನೆಲ್ಲ ಮಾಡಿದರೂ ಆ ಜಾಗ ಹಾಗೇ ಉಳಿಯುತ್ತಿತ್ತು.

ಶಿವರಾತ್ರಿ ಆಗಿ ಸೆಕೆ ಶುರುವಾಯಿತು. ಬೆಳ್ಳಮ್ಮ ಕುಪ್ಪಸ ತೆಗೆದು, ಬರೀ ಸೆರಗು ಹೊದ್ದು, ಅಡುಗೆಮನೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದಳು. ಒಂದು ಬೆಳಗಿನ ಜಾವದ ನಿದ್ದೆಯಲ್ಲಿ, ಯಾರೋ ಬೆನ್ನಿಗೆ ಹಸಿ ಜೇಡಿಮಣ್ಣು ಮೆತ್ತಿದ ಹಾಗಾಯಿತು. ಕನಸು ಎಂದುಕೊಂಡಳು. ಅಂದು ಮಂಡ್ಯಕ್ಕೆ ಹೋಗಿ ಬೆಳಕು ಕಾಯಿಸಿಕೊಂಡು ಬಂದಳು. ಮಾರನೆಯ ದಿನ ಬೆನ್ನು ಉರಿಯತೊಡಗಿತು. ಮುಂದಿನ ಸಲ ಮಂಡ್ಯಕ್ಕೆ ಹೋದಾಗ, ಸೆರಗು ಇಳಿಸುತ್ತಿದ್ದಂತೆ ರಂಜಿತ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು.

‘ಅಯ್ಯೋ, ಯಾರು ಒಡ್ದೋರು ನಿಮ್ಗೆ?’

‘ನನ್ ಯಾರವ್ವ ಒಡೀತಾರೆ? ಒಡ್ಯಾಕಾದ್ರೂ ಮುಟ್ಬೇಕಲ್ಲ.’

ರಂಜಿತ ಫೋನಿನಲ್ಲಿ ಚಿತ್ರ ತೆಗೆದು ತೋರಿಸಿದಳು. ಬಿಳಿ ಗೋಡೆಗೆ ಕೆಮ್ಮಣ್ಣಿನ ಕೈ ಒತ್ತಿದಂತೆ, ಬೆನ್ನಿನ ಬಿಳುಪಿನ ನಟ್ಟನಡುವೆ ಒಂದು ಹಸ್ತ. ಐದು ಬೆರಳು, ಅಂಗೈ, ಹೆಬ್ಬೆರಳಿನ ಬುಡ, ಎಲ್ಲ ಇತ್ತು. ಬೆರಳ ತುದಿಗಳಲ್ಲಿ ಬೊಬ್ಬೆ ತುಂಬಿಕೊಂಡಿತ್ತು.

ಡಾಕ್ಟರಮ್ಮ ಬಂದು ಬಹಳ ಹೊತ್ತು ನೋಡಿದರು. ‘ಬೆಳಕಿಗೆ ಆಗದ ಯಾವುದೋ ಎಣ್ಣೆ. ಬಾವಂಚಿ ಇರಬಹುದು. ಯಾರು ಹಚ್ಚಿದ್ದು?’

‘ಯಾರೂ ಇಲ್ಲ ಕಣವ್ವ.’

‘ಇದು ಕೈ ಬೆಳ್ಳಮ್ಮ. ತಾನಾಗೇ ಬರೋದಲ್ಲ. ಇದು ಮಾಯೋವರೆಗೂ ಬೆಳಕು ಬೇಡ. ಇನ್ನೊಂದು ಸಲ ಹೀಗಾದರೆ ನಾನು ಪೂರ್ತಿ ನಿಲ್ಲಿಸಿಬಿಡ್ತೀನಿ. ಸುಟ್ಟ ಕಡೆ ಹೊಸದಾಗಿ ಬಿಳುಪಾಗುತ್ತೆ.’

ರೈಲಿನಲ್ಲಿ ಹಿಂದಿರುಗುವಾಗ ಬೆಳ್ಳಮ್ಮ ನಾಲಿಗೆಯ ತುದಿಯಿಂದ ತುಟಿಯ ಅಂಚನ್ನು ಸವರಿ ನೋಡಿಕೊಂಡಳು. ಇಷ್ಟು ವರ್ಷಕ್ಕೆ ಬಂದ ನಾಲ್ಕು ರಾಗಿ ಕಾಳಿನಷ್ಟು ಬಣ್ಣ. ಬೆಳಕು ನಿಂತರೆ ಅದೂ ಹೋದೀತು. ಆ ಕೈ ಯಾರದು ಎಂದು ತಿಳಿಯಲೇಬೇಕು.

ಕುಸುಮ ದೂರದಿಂದಲೇ ಬೆನ್ನು ನೋಡಿ ಚೀರಿದಳು.

‘ಅತ್ತೆ ಕೈಯೇ ಕಣಕ್ಕ! ಬಾವಂಚಿ ಅಂದ್ರಂತಲ್ಲ ಡಾಕ್ಟ್ರು, ಈ ಮನೇಲಿ ಬಾವಂಚಿ ಮುಟ್ಟಿದ್ದು ಇನ್ಯಾರು?’

‘ಸತ್ತೋರು ಎಣ್ಣೆ ಅಚ್ಚಾಕ್ ಬತ್ತಾರೇನಮ್ಮಿ?’

‘ಮುಟ್ಬ್ಯಾಡಿ ಅಂದಿದ್ರಲ್ಲ. ನೀನು ಬಣ್ಣ ಬರಿಸ್ಕೊಂಡು ಎಲ್ಲಾರ್ನೂ ಮುಟ್ಟಾಕ್ ಒಂಟಿದ್ದೀಯ ಅಂತ ಸಿಟ್ಟು. ಸುಟ್ಟು ತೋರಿಸವ್ರೆ.’

ಜಗಲಿಯಲ್ಲಿ ಕುಡುಗೋಲು ಮಸೆಯುತ್ತಿದ್ದ ಲಿಂಗಯ್ಯ ತಲೆ ಎತ್ತದೆ, ‘ಸತ್ತೋರ್ ಸುದ್ದಿ ಬುಡಿ ಅತ್ಲಾಗೆ, ಉಣ್ಣಾಕಿಕ್ಕಿ’ ಎಂದ. ಆದರೂ ಕುಸುಮ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದಳು, ಹೊಸ್ತಿಲಿಗೆ ಹಳೇ ಪೊರಕೆ ಇಟ್ಟಳು. ಸೊಪ್ಪು ಒಣಗಿ ಉದುರುವವರೆಗೂ ಬೆಳ್ಳಮ್ಮನಿಗೆ ಮೊದಲಿನ ನಿದ್ದೆ ಬರಲಿಲ್ಲ. ಅತ್ತೆ ನಡೆಯುವಾಗ ಎಡಗಾಲು ಎಳೆಯುತ್ತಿದ್ದಳು. ಇಲಿ ಓಡಿದರೂ ಅದೇ ಸದ್ದು, ಹಸು ಮಗ್ಗುಲು ಬದಲಿಸಿದರೂ ಅದೇ ಸದ್ದು.

ಬೊಬ್ಬೆ ಮಾಯಿತು. ಗುರುತು ಕಂದು ಬಣ್ಣಕ್ಕೆ ತಿರುಗಿ ಹಾಗೇ ನಿಂತಿತು. ಡಾಕ್ಟರಮ್ಮ ಮತ್ತೆ ಬೆಳಕಿಗೆ ಬರಲು ಹೇಳಿದರು. ಹೋಗಬೇಕಾದ ದಿನದ ಜಾವ ಬೆಳ್ಳಮ್ಮ ಎಚ್ಚರವಾಗಿಯೇ ಮಲಗಿದ್ದಳು. ಕರೆಂಟು ಹೋಗಿತ್ತು. ಕೋಳಿ ಇನ್ನೂ ಕೂಗಿರಲಿಲ್ಲ.

ಮೊದಲು ಸದ್ದಿಲ್ಲ, ವಾಸನೆ ಬಂತು. ಗಂಜಲ, ಕಹಿ, ಕಮಟು. ಅತ್ತೆಯ ಸೆರಗಿನ ವಾಸನೆ. ತಿರುಗಬೇಕು ಅಂದರೆ ಕತ್ತು ಮಾತು ಕೇಳಲಿಲ್ಲ. ಬೆನ್ನ ಹಿಂದೆ ಯಾರೋ ಕುಕ್ಕರಗಾಲಲ್ಲಿ ಕೂತರು. ಮಂಡಿಯ ಚಿಪ್ಪು ಲಟಕ್ ಎಂದಿತು. ಸೆರಗು ಸರಿಯಿತು.

ಕೈ ಬಿತ್ತು.

ಬಿಸಿಯಾಗಿತ್ತು. ಕಬ್ಬಿನ ಸೋಗೆ ಕೊಯ್ದು ಕೊಯ್ದು ಸೀಳಿದ ಅಂಗೈ, ಒರಟು, ಅಗಲ. ಬಹಳ ಹಿಂದೆ, ತೊನ್ನು ಬರುವುದಕ್ಕೂ ಮೊದಲು, ಈ ಕೈಯ ಒಂದೊಂದು ಗಂಟೂ ಅವಳಿಗೆ ಗೊತ್ತಿತ್ತು. ಲಿಂಗಯ್ಯ ಉಸಿರು ಬಿಗಿಹಿಡಿದು, ಅವಳ ಕೈ ಎಟುಕದ ಆ ಜಾಗಕ್ಕೆ ಮಾತ್ರ ಎಣ್ಣೆ ಒತ್ತಿ, ಸೆರಗು ಮುಚ್ಚಿ ಎದ್ದ. ಬೆಳ್ಳಮ್ಮ ಮೆಲ್ಲಗೆ ಹೊರಳಿ, ಕಿಟಕಿಯ ಮಸುಕು ಬೆಳಕಿನಲ್ಲಿ ರೆಪ್ಪೆ ಸಂದಿಯಿಂದ ನೋಡಿದಳು. ಅವನು ದೇವರ ಗೂಡಿನ ಹತ್ತಿರ ನಿಂತು, ಹಚ್ಚದೆ ಇದ್ದ ದೀಪದ ಮೇಲೆ ಹೊದಿಸಿದ್ದ ತನ್ನ ಟವಲನ್ನು ತೆಗೆದು ಹೆಗಲಿಗೆ ಹಾಕಿಕೊಂಡ. ಭಾಷೆ ಕೇಳಿದ್ದ ದೀಪಕ್ಕೆ ಕಾಣದಿರಲಿ ಎಂದು ಕಣ್ಣು ಕಟ್ಟಿದ್ದ.

ಬೆಳ್ಳಮ್ಮನ ಮೈ ನಡುಗಿದ್ದು ಆಗ. ಸತ್ತ ಅತ್ತೆಗೆ ಹೆದರಿದ್ದಕ್ಕಿಂತ ಹೆಚ್ಚಾಗಿ, ಬದುಕಿರುವ ಗಂಡ ಕಳ್ಳನ ಹಾಗೆ ಕತ್ತಲಲ್ಲಿ ಬಂದುಹೋದದ್ದಕ್ಕೆ.

ಅಂದು ಅವಳು ಸೀಗೆಪುಡಿ ಹಾಕಿ, ಬಳಪದ ಕಲ್ಲಿನಿಂದ ಬೆನ್ನನ್ನು ಕೈ ಹೋದಷ್ಟು ಉಜ್ಜಿಕೊಂಡಳು. ಎಣ್ಣೆ ಉಳಿದಿದ್ದರೆ ಸುಟ್ಟೀತೆಂದು ಮಂಡ್ಯಕ್ಕೆ ಹೋಗಲಿಲ್ಲ. ಹಗಲೆಲ್ಲ ಬಿಸಿಲಿಗೆ ಬೀಳದೆ ಒಳಗೇ ಕೂತು ಯೋಚಿಸಿದಳು. ಸುಟ್ಟ ಗುರುತು ಕಂದಾದದ್ದನ್ನು ನೋಡಿ, ಮದ್ದು ಹತ್ತಿ ಬಣ್ಣ ಬಂತೆಂದೇ ಅವನು ತಿಳಿದಿರಬೇಕು. ಹೀಗೇ ಬಿಟ್ಟರೆ ಡಾಕ್ಟರಮ್ಮ ಬೆಳಕು ನಿಲ್ಲಿಸುತ್ತಾರೆ. ಬಾಯಿ ಬಿಟ್ಟು ಹೇಳಿದರೆ? ‘ನಾನ್ಯಾಕ್ ಮುಟ್ಲಿ?’ ಎನ್ನುತ್ತಾನೆ. ಅನ್ನಲೇಬೇಕು, ದೀಪ ಮುಟ್ಟಿದವನು. ಅಂದ ಮೇಲೆ ಮತ್ತೆ ಬರಲಾರ.

ಮಾರನೆಯ ದಿನ ಅವನು ಗದ್ದೆಗೆ ಹೋದ ಮೇಲೆ ಕೊಟ್ಟಿಗೆ ಹುಡುಕಿದಳು. ತೊಲೆಯ ಸಂದಿಯಲ್ಲಿ, ನೊಗದ ಹಗ್ಗದ ಹಿಂದೆ, ಒಂದು ಚಪ್ಪಟೆ ಬಾಟ್ಲು ಸಿಕ್ಕಿತು. ಅರ್ಧ ಎಣ್ಣೆ. ತಿಪ್ಪೆಯಲ್ಲಿ ಗುಂಡಿ ತೋಡಿ ಸುರಿದಳು. ಬಾಟ್ಲಿಗೆ ಬೂದಿ, ಬಿಸಿನೀರು ಹಾಕಿ ಕುಲುಕಿ ಕುಲುಕಿ ತೊಳೆದಳು. ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯನ್ನು ಮೊದಲಿದ್ದ ಮಟ್ಟಕ್ಕೇ ತುಂಬಿದಳು. ಬಿರಡೆ ಎಷ್ಟು ಬಿಗಿಯಾಗಿತ್ತೋ ಅಷ್ಟೇ ಬಿಗಿದು, ಹೇಗೆ ವಾಲಿತ್ತೋ ಹಾಗೇ ಇಟ್ಟಳು.

ಮುಂದಿನ ಸಲ ರೈಲು ಹತ್ತಬೇಕಾದ ದಿನ ಬಂತು. ಜಾವದಲ್ಲಿ ಜಗಲಿಯ ಚಾಪೆ ಸರಕ್ ಎಂದಿತು. ಟವಲು ದೀಪದ ಮೇಲೆ ಇಳಿದದ್ದು ಕೇಳಿಸಿತು. ಬೆನ್ನ ಹಿಂದೆ ಮಂಡಿ ಲಟಕ್ ಎಂದಿತು. ಬಿರಡೆ ತಿರುಗಿತು.

ಅಷ್ಟೇ. ಮುಂದೆ ಏನೂ ಆಗಲಿಲ್ಲ.

ಅಂಗೈಯನ್ನು ಮೂಗಿಗೆ ಹಿಡಿದು ಉಸಿರು ಎಳೆದ ಸದ್ದು ಬಂತು. ಒಂದು ಸಲ. ಇನ್ನೊಂದು ಸಲ, ನಿಧಾನವಾಗಿ. ಬಿರಡೆ ಮುಚ್ಚಿಕೊಂಡಿತು. ಬಟ್ಟೆಗೆ ಕೈ ಒರೆಸಿಕೊಂಡ ಸದ್ದು. ಗೊತ್ತಾಯಿತು ಇವನಿಗೆ, ಇನ್ನು ಏಳುತ್ತಾನೆ, ಇದೇ ಕೊನೆ ಎಂದು ಬೆಳ್ಳಮ್ಮ ಗೋಡೆಯ ಮಣ್ಣನ್ನೇ ನೋಡುತ್ತ, ನಿದ್ದೆಯಲ್ಲಿರುವವರು ಹೇಗೆ ಉಸಿರಾಡುತ್ತಾರೋ ಹಾಗೆ ಉಸಿರಾಡುತ್ತಿದ್ದಳು.

ಸೆರಗು ಸರಿಯಿತು. ಬೆನ್ನಿಗೆ ಕೈ ಬಂತು. ಎಣ್ಣೆ ಇಲ್ಲ, ಒಣ ಕೈ. ಕೋಳಿ ಕೂಗಿದರೂ ಅದು ಏಳಲಿಲ್ಲ.