ಯಾರು ಹೇಳಿದ್ರವ್ವಾ?

ಸಾತಾರದ ಶಾಲೆಗಳ ಇತಿಹಾಸ ಶಿಕ್ಷಕರನ್ನು ತಿದ್ದುವ ಸಿಂಧೂಬಾಯಿ ಹಿಂದಿನ ಬೆಂಚಿನಲ್ಲಿ ಕೂತರೆ ಗೋಡೆಯ ಮೇಲಿನ ರಾಜರೂ ನೆಟ್ಟಗೆ ನಿಲ್ಲುತ್ತಾರೆ ಎಂದು ಹೊಸ ಶಿಕ್ಷಕಿ ವೈಜಯಂತಿ ನಂಬಿದ್ದಳು. ಪಾಠ ಮುಗಿಯುವವರೆಗೆ ಕೆಮ್ಮುವುದೂ ಇಲ್ಲ, ಮುಗಿದ ಮೇಲೆ ಶೇಂಗಾ ಸುಲಿಯುತ್ತ ಒಂದೇ ಮಾತು ಕೇಳುತ್ತಾರೆ: "ಇದನ್ನ ನಿನಗ ಯಾರು ಹೇಳಿದ್ರವ್ವಾ?" ತಲೆ ನರೆತ ಮಾಸ್ತರರೂ ಬೆವರುತ್ತಾರೆ. ಇವತ್ತು ವೈಜಯಂತಿಯ ಸರದಿ. ನೌಕರಿ ಕಾಯಂ ಆಗಲು ಸಿಂಧೂಬಾಯಿಯ ಸಹಿ ಬೇಕು. ಅಣೆಕಟ್ಟಿನ ಪಾಠ ಮುಗಿಯಿತು, ಅದೇ ಪ್ರಶ್ನೆ ಬಂತು. "ಊರವರು ಅಣೆಕಟ್ಟಿಗೆ ಖುಷಿಯಿಂದ ಹೊಲ ಬಿಟ್ಟುಕೊಟ್ಟರು ಅಂತ ಪುಸ್ತಕದಾಗ ಐತ್ರೀ ಬಾಯಾರ," ಎಂದಳು. "ಪುಸ್ತಕ ಯಾವಾಗ ಹೊಲಾ ಉಳತಿತ್ತು?" ಎಂದ ಸಿಂಧೂಬಾಯಿ ತಮ್ಮ ಹಳೆಯ ಟಿಪ್ಪಣಿ ವಹಿ ತೆರೆದು ತೋರಿಸಿದರು. ಅದೇ ವಾಕ್ಯ, ಅವರದೇ ಅಕ್ಷರ. "ಒಂಬತ್ತು ವರ್ಷ ನಾನೂ ಇದನ್ನ ಕಲಿಸೀನಿ. ಆ ಹೊಲದಿಂದ ಪೊಲೀಸರು ಎಳದು ವ್ಯಾನಿಗೆ ಹಾಕಿದ ನಮ್ಮವ್ವ ಮನ್ಯಾಗ ಕುಂತಿದ್ಲು, ನಾ ಆಕಿನ್ನ ಒಂದಿನಾನೂ ಕೇಳಲಿಲ್ಲ. ನೀ ಊರಾಗ ಕೇಳಿ ಬಾ, ಸಹಿ ಆಮ್ಯಾಲೆ."