ಡಿಕ್ಕಿಯಲ್ಲೊಂದು ಒಲೆ

ನಮ್ಮ ಕಾರು ಎಷ್ಟು ಚಿಕ್ಕದೆಂದರೆ, ಮುಂದಿನ ಸೀಟಿನಲ್ಲಿ ಅಕ್ಕ ಕುಳಿತರೆ ಗೇರು ಬದಲಿಸುವಾಗಲೆಲ್ಲ ನನ್ನ ಮೊಣಕೈ ಅವಳ ತೋಳಿಗೆ ತಾಗುತ್ತದೆ. "ಸರದ ಕುಂದರಲೇನ?" ಎಂದು ಅವಳು ಕೇಳುತ್ತಾಳೆ. ಸರಿಯುವುದೆಲ್ಲಿಗೆ? ಆ ಕಡೆ ಬಾಗಿಲು. ಬಾಗಿಲಿನ ತಗಡೋ ದೇವರಿಗೇ ಪ್ರೀತಿ. ಖಾನಾಪುರ ರಸ್ತೆಯಲ್ಲಿ ಗೋವಾ ಕಡೆಯ ಲಾರಿಯೊಂದು ಪಕ್ಕದಲ್ಲಿ ಹಾದುಹೋದರೆ ಇಡೀ ಗಾಡಿ ಒಮ್ಮೆ ಅಲುಗಾಡುತ್ತದೆ. ಇಷ್ಟೆಲ್ಲ ಯಾಕೆ ಸಹಿಸಿಕೊಂಡಿದ್ದೇವೆ ಎಂದರೆ, ಅದು ಕುಡಿಯುವುದು ಕಡಿಮೆ, ಓಡುವುದು ಜಾಸ್ತಿ.

ಮೈಲೇಜ್ ಎನ್ನುವುದು ನನ್ನ ಗಂಡನಿಗೆ ದೇವರ ಪೂಜೆಗೆ ಸಮ. ಅವರು ಬೆಳಗಾವಿ ಪಕ್ಕದ ಮಚ್ಛೆಯ ಒಂದು ಕಾರ್ಖಾನೆಯಲ್ಲಿ ಯಂತ್ರದ ಬಿಡಿಭಾಗ ಕೊರೆಯುವ ಕೆಲಸದಲ್ಲಿದ್ದಾರೆ. ಕಬ್ಬಿಣವನ್ನು ಕೂದಲೆಳೆಯಷ್ಟು ತೆಳ್ಳಗೆ ಹೆರೆದು ಹೆರೆದು, ಭಾರ ಎಂದರೆ ಪಾಪ ಎಂಬ ನಂಬಿಕೆ ಬಂದುಬಿಟ್ಟಿದೆ. ಕಾರಿನಲ್ಲಿ ಒಂದು ಹೆಚ್ಚಿನ ಕೊಡೆ ಕಂಡರೂ ತೆಗೆದು ಮನೆಯೊಳಗಿಡುತ್ತಾರೆ. ಏರು ಬಂದರೆ ಏಸಿ ಬಂದ್. ನಾನು ಆಕ್ಸಿಲರೇಟರನ್ನು ಸ್ವಲ್ಪ ಜೋರಾಗಿ ಒತ್ತಿದರೆ, ತಮ್ಮ ಕಾಲನ್ನೇ ತುಳಿದವರಂತೆ ಹಲ್ಲು ಕಚ್ಚುತ್ತಾರೆ.

ಕಾರು ಕೊಳ್ಳಲು ಹೋದಾಗ ಅಂಗಡಿಯ ಹುಡುಗಿ, "ಮನ್ಯಾಗ ಎಷ್ಟ ಮಂದಿ ಇದ್ದೀರಿ ಮೇಡಂ?" ಎಂದು ಕೇಳಿದ್ದಳು. ಇಬ್ಬರೇ ಎಂದೆ. "ಹಂಗಾರ ಇದು ನಿಮಗ ಭಾಳ ಆತ್ರಿ" ಎಂದು ನಕ್ಕಳು. ಅವಳು ಮಾರುವ ಮಾತಾಡಿದಳು, ತಪ್ಪೇನಿಲ್ಲ. ಆದರೆ ಆಗ ನಾವು ಮಗುವಿಗಾಗಿ ಡಾಕ್ಟರರಿಂದ ಡಾಕ್ಟರರಿಗೆ ಅಲೆಯುತ್ತಿದ್ದ ಕಾಲ. ನಾನು ಹಿಂದಿನ ಸೀಟನ್ನೇ ನೋಡುತ್ತ ನಿಂತೆ. ಅಲ್ಲಿ ಯಾರನ್ನು ಕೂರಿಸಿಕೊಂಡು ನೋಡಿದೆ ಎಂದು ಬೇರೆ ಹೇಳಬೇಕಿಲ್ಲ.

ಇನ್ನು ಅಕ್ಕ. ನಾನು ಶಾಲೆಯ ಮೆಟ್ಟಿಲು ಹತ್ತುವ ಮೊದಲೇ ಅವ್ವ ತೀರಿಕೊಂಡಿದ್ದಳು. ಕಣಕುಂಬಿ ಕಡೆಯ ಹಳ್ಳಿಗೆ ಮದುವೆಯಾಗಿ ಹೋಗಿದ್ದ ಅಕ್ಕ ನನ್ನನ್ನೂ ಅಲ್ಲಿಗೇ ಕರೆದೊಯ್ದು, ಭತ್ತದ ಗದ್ದೆ ಮತ್ತು ಎಮ್ಮೆಗಳ ನಡುವೆ ಬೆಳೆಸಿದಳು. ತಲೆ ಬಾಚಿದ್ದು, ಬೈದಿದ್ದು, ಓದಿಸಿದ್ದು ಎಲ್ಲ ಅವಳೇ. ನನ್ನ ಮದುವೆಯಲ್ಲಿ ಧಾರೆ ಎರೆದುಕೊಟ್ಟವರೂ ಅವಳು ಮತ್ತು ಭಾವ.

ಅಲ್ಲೇ ತೊಡಕಾದದ್ದು. ನಮ್ಮ ಮನೆತನದಲ್ಲಿ ಒಂದು ರೂಢಿಯಿದೆ. ಧಾರೆ ಎರೆದವರು, ಕೊಟ್ಟ ಮಗಳಿಗೆ ಮಗುವಾಗುವ ತನಕ ಅವಳ ಮನೆಯಲ್ಲಿ ಉಣ್ಣುವುದಿಲ್ಲ. ನೀರೂ ಕುಡಿಯುವುದಿಲ್ಲ. ಮೊದಲ ಕೂಸನ್ನು ತೊಟ್ಟಿಲಿಗೆ ಹಾಕಿದ ದಿನ ಹೋಳಿಗೆ ಉಂಡು ರೂಢಿ ಬಿಡುತ್ತಾರೆ. ಈಗೆಲ್ಲ ಯಾರು ಇದನ್ನು ಪಾಲಿಸುತ್ತಾರೆ? ನಮ್ಮ ಸಂಬಂಧಿಕರೆಲ್ಲ ಮಗಳ ಮನೆಗೆ ಹೋಗಿ ಸೋಫಾದ ಮೇಲೆ ಚಹಾ ಕುಡಿದು, ಟಿವಿ ನೋಡಿ, ಮಲಗಿ ಎದ್ದು ಬರುತ್ತಾರೆ. ಅಕ್ಕ ಮಾತ್ರ ಬಿಡಲಿಲ್ಲ. ಕಣ್ಣು ತೋರಿಸಲು ಬೆಳಗಾವಿಗೆ ಬಂದಾಗ ನಮ್ಮ ಮನೆಯ ಪಡಸಾಲೆಯಲ್ಲಿ ತನ್ನದೇ ನೀರಿನ ಬಾಟಲಿ ಹಿಡಿದು ಕೂತಳು. ನಾನು ಒಳಗೆ ಒಗ್ಗರಣೆ ಹಾಕುತ್ತಿದ್ದೆ. ವಾಸನೆ ಅವಳ ಮೂಗಿಗೂ ಬಡಿದಿರಬೇಕು. "ಘಮ್ಮ ಅನ್ನಾಕತ್ತೈತಿ" ಎಂದಳು, ಅಷ್ಟೇ. ಎಷ್ಟು ಬೇಡಿಕೊಂಡರೂ ಏಳಲಿಲ್ಲ. ಅವತ್ತು ನನಗೆ ಬಂದ ಸಿಟ್ಟಿಗೆ ಪಾತ್ರೆಗಳೇ ಸಾಕ್ಷಿ.

ನನಗೆ ಬೇಕಿದ್ದದ್ದು ದೊಡ್ಡದೇನಲ್ಲ. ನನಗೆ ತುತ್ತು ಮಾಡಿ ತಿನ್ನಿಸಿದವಳು ನನ್ನ ಅಡುಗೆಮನೆಯಲ್ಲಿ ಕೂರಬೇಕು, ನಾನು ಬಿಸಿ ರೊಟ್ಟಿ ತಟ್ಟಿ ತಟ್ಟಿ ಅವಳ ತಾಟಿಗೆ ಹಾಕಬೇಕು. ಇದೊಂದು ಆಸೆ ವರ್ಷಗಟ್ಟಲೆ ಹಾಗೇ ಉಳಿದಿತ್ತು. ರಾತ್ರಿ ರೊಟ್ಟಿ ತಟ್ಟುವಾಗಲೆಲ್ಲ ನೆನಪಾಗುತ್ತಿತ್ತು.

ಕಾರು ಬಂದ ಮೇಲೆ ನಾವು ಭೇಟಿಯಾಗಲು ಅಕ್ಕನೇ ಒಂದು ಉಪಾಯ ಹುಡುಕಿದಳು. ಅವಳ ಹಳ್ಳಿಗೆ ಹೋಗುವ ಕೊನೆಯ ದಾರಿಯಲ್ಲಿ ಟ್ರ್ಯಾಕ್ಟರ್ ತುಳಿದ ಗುಂಡಿಗಳು. ನಮ್ಮ ಗಾಡಿಯ ಹೊಟ್ಟೆ ನೆಲಕ್ಕೆ ಉಜ್ಜುತ್ತದೆ. ಆದ್ದರಿಂದ ರವಿವಾರ ಸಂತೆಗೆಂದು ಅವಳು ಬಸ್ಸು ಹತ್ತಿ ಖಾನಾಪುರಕ್ಕೆ ಬರುವುದು, ನಾನು ಬೆಳಗಾವಿಯಿಂದ ಕಾರಿನಲ್ಲಿ ಹೋಗುವುದು ಎಂದಾಯಿತು. ಮಲಪ್ರಭೆಯ ಸೇತುವೆಯ ಈಚೆ ಒಂದು ಮಾವಿನ ಮರ. ಅದರ ನೆರಳಲ್ಲಿ ಗಾಡಿ ನಿಲ್ಲಿಸಿ ನಾನು ಮೊದಲ ಸಲ ಬುತ್ತಿ ಬಿಚ್ಚಿದೆ. ಅಕ್ಕ ಕಾರಿನ ಒಳಗೆ ಸುತ್ತಲೂ ನೋಡಿದಳು. ಮೇಲೆ ನೋಡಿದಳು, ಕಾಲ ಕೆಳಗೆ ನೋಡಿದಳು.

"ಇದೇನ ಮನಿ ಅಲ್ಲ ಬಿಡು," ಎಂದಳು. "ಹೊಸ್ತಿಲಾ ಇಲ್ಲ, ಒಲಿ ಇಲ್ಲ. ಮತ್ತ ನಿನ್ನ ಹೊಸ್ತಿಲಾ ದಾಟಿ ಬಂದ ಮ್ಯಾಲೆ ಇದು ಬರೇ ಬುತ್ತಿ. ಹಾಕ್ ಇಲ್ಲೆ."

ನಾನು ರೊಟ್ಟಿಯ ಮೇಲೆ ಬದನೆಕಾಯಿ ಎಣಗಾಯಿ ಹಾಕಿ ಕೊಟ್ಟೆ. ಅವಳು ಮೊದಲ ತುತ್ತು ಬಾಯಿಗಿಟ್ಟು, "ಉಪ್ಪ ಕಮ್ಮಿ" ಎಂದಳು. ನಾನು ಸ್ಟೇರಿಂಗ್ ಮೇಲೆ ತಲೆಯಿಟ್ಟು ಅತ್ತೆ. "ಉಪ್ಪ ಕಮ್ಮಿ ಅಂದ್ರ ಅಳತಾರೇನ ಹುಚ್ಚಿ" ಎಂದು ಅವಳು ಎಡಗೈಯಿಂದ ನನ್ನ ಬೆನ್ನು ಸವರಿದಳು. ಆ ಗಾಡಿಯಲ್ಲಿ ಬೆನ್ನು ಸವರಲು ಕೈ ಚಾಚಬೇಕಾದ್ದೇ ಇಲ್ಲ.

ಹೀಗೆ ನಮ್ಮ ರವಿವಾರಗಳು ನಡೆದವು. ಮಳೆಗಾಲದಲ್ಲಿ ಗಾಜು ಏರಿಸಿ ಉಂಡೆವು, ಒಳಗೆಲ್ಲ ರೊಟ್ಟಿಯ ಜೊತೆಗಿನ ಶೇಂಗಾ ಹಿಂಡಿಯ ವಾಸನೆ. ಬೇಸಿಗೆಯಲ್ಲಿ ಬಾಗಿಲು ತೆರೆದು ಕಾಲು ಹೊರಗಿಟ್ಟು ಉಂಡೆವು. ದೊಡ್ಡ ಕಾರುಗಳು ಹಾದುಹೋಗುವಾಗ ಅವುಗಳಲ್ಲಿ ಕೂತವರು ಒಬ್ಬರಿಗೊಬ್ಬರು ಎಷ್ಟು ದೂರ ಎಂದು ನನಗೆ ಅನ್ನಿಸುತ್ತಿತ್ತು. ಇಕ್ಕಟ್ಟು ಎಂದು ನಾನು ಆ ಗಾಡಿಯನ್ನು ಬೈದದ್ದೆಲ್ಲ ವಾಪಸು ತೆಗೆದುಕೊಂಡೆ.

ಆದರೆ ನಾನು ಖಾನಾಪುರದ ಶಾಲೆಯೊಂದರಲ್ಲಿ ಪಾಠ ಮಾಡುತ್ತೇನೆ. ದಿನಾ ಹೋಗಿ ಬರುವುದು, ಅದರ ಮೇಲೆ ರವಿವಾರ ಮತ್ತೆ. ಪೆಟ್ರೋಲಿನ ದರ ನೋಡಿ ಗಂಡನ ನಿದ್ದೆ ಹಾರಿತು. ಒಂದು ಯುಗಾದಿಯ ಹಿಂದೆ ಮುಂದೆ, ಸಿಎನ್‌ಜಿ ಹಾಕಿಸೋಣ ಎಂದರು. "ಖರ್ಚ ಅರ್ಧಾ ಇಳೀತೈತಿ. ನೀ ಬೇಕಾದಷ್ಟ ಸಲ ಅಕ್ಕನ ನೋಡಾಕ ಹೋಗು." ಈ ಮಾತಿಗೆ ನಾನು ಒಪ್ಪದೆ ಇರುತ್ತೇನೆಯೆ? ಏರಿನಲ್ಲಿ ಗಾಡಿ ಎಳೆಯುವುದು ಕಡಿಮೆಯಾಗುತ್ತದೆ ಎಂದರು, ಆಗಲಿ ಎಂದೆ. ಪಂಪಿನ ಮುಂದೆ ಸಾಲು ಹಚ್ಚಬೇಕು ಎಂದರು, ಅದೂ ಆಗಲಿ ಎಂದೆ. "ಡಿಕ್ಕಿ ಪೂರ್ತಿ ಹೋಗತೈತಿ ನೋಡು, ಸಿಲಿಂಡರ್ ಅಲ್ಲೇ ಕುಂದರತೈತಿ" ಎಂದವರು, ಸ್ವಲ್ಪ ತಡೆದು ಮೆಲ್ಲಗೆ, "ಇರಲಿ, ಡಿಕ್ಕ್ಯಾಗ ಇಡಾಕ ನಮ್ಮದೇನೈತಿ" ಎಂದರು.

ನಮ್ಮದೇನೈತಿ. ಮಗುವಿನ ತಳ್ಳುಗಾಡಿ ಇಲ್ಲ, ಹಾಲಿನ ಬಾಟಲಿಗಳ ಚೀಲ ಇಲ್ಲ. ಡಾಕ್ಟರರ ಬಳಿ ಹೋಗುವುದನ್ನು ನಾವು ಯಾವಾಗ ನಿಲ್ಲಿಸಿದೆವೆಂದು ಇಬ್ಬರೂ ಬಾಯಿಬಿಟ್ಟು ಹೇಳಿಕೊಂಡಿರಲಿಲ್ಲ. ಗ್ಯಾರೇಜಿನಲ್ಲಿ ಡಿಕ್ಕಿಗೆ ಸಿಲಿಂಡರ್ ಬಿಗಿಯುವುದನ್ನು ನೋಡುತ್ತ ನಿಂತಾಗ, ಹೇಳಿಕೊಂಡಂತೆಯೇ ಆಯಿತು.

ಅಕ್ಕನಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಅವಳು ತರುತ್ತಿದ್ದ ಅಕ್ಕಿ, ಸಾರಿನ ಹುಳಿಗೆ ಹಾಕುವ ಅಮಸೋಲುಗಳ ಚೀಲ ಹಿಂದಿನ ಸೀಟಿಗೆ ಬೀಳುತ್ತಿತ್ತು, ಡಿಕ್ಕಿ ತೆರೆಯುವ ಪ್ರಸಂಗವೇ ಬರಲಿಲ್ಲ. ಬೇಸಿಗೆ ಮುಗಿಯುತ್ತ ಬಂದಾಗ ಒಂದು ದಿನ ಅವಳ ಫೋನು. "ಹಲಸಿನ ಹಣ್ಣ ಭಾಳ ದೊಡ್ಡದೈತಿ. ನಿಮ್ಮವ್ರನ್ನೂ ಕರಕೊಂಡ ಬಾ, ನಿನಗ ಎತ್ತಾಕ ಆಗೂದಿಲ್ಲ."

ಮೂವರೂ ಕಾರಿನಲ್ಲೇ ಉಂಡೆವು. ಅಕ್ಕ ಅಂದು ಮೊಸರನ್ನವನ್ನೂ ಬಿಡಲಿಲ್ಲ. ಕೈ ತೊಳೆದು ಬಂದು, ಸೀಟಿಗೆ ಮೇಣ ಅಂಟುತ್ತದೆ, ಹಣ್ಣನ್ನು ಡಿಕ್ಕಿಯಲ್ಲೇ ಇಡಿ ಎಂದು ಹಟ ಹಿಡಿದಳು. ಗಂಡ ಡಿಕ್ಕಿ ತೆರೆದರು. ಅಕ್ಕ ಬಗ್ಗಿ ನೋಡಿದಳು.

"ಇದ್ಯಾಕ ಸಿಲಿಂಡರ ಹೊತಗೊಂಡ ತಿರಗಾಕತ್ತೀರಿ?"

"ಗಾಡಿ ಇದರ ಮ್ಯಾಲೇ ಓಡತೈತ್ರಿ ಅಕ್ಕಾರ," ಎಂದರು ಗಂಡ ಹೆಮ್ಮೆಯಿಂದ. ಮೈಲೇಜಿನ ವಿಷಯ ಕೇಳಿದವರು ಸಿಕ್ಕಿದ್ದೇ ಅವರಿಗೆ ಹಬ್ಬ.

"ಗ್ಯಾಸ್ ಒಳಗ ಉರಿತೈತೇನ್ರಿ?"

"ಹೂಂ ಮತ್ತ."

ಮಾತು ಒಲೆಗೆ ಹೋಗುವ ಮೊದಲೇ ನಾನು ನಡುವೆ ಬಂದೆ. "ಅಕ್ಕಾ, ಪೆಟ್ರೋಲೂ ಉರಿತಿತ್ತು ಮೊದಲ" ಎಂದೆ.

"ಪೆಟ್ರೋಲ್ ಮ್ಯಾಲೆ ಯಾರರ ಅಡಿಗಿ ಮಾಡತಾರೇನ?" ಎಂದಳು ಅಕ್ಕ.

"ಇದು ಅಡಿಗಿ ಗ್ಯಾಸ್ ಅಲ್ಲಬೇ, ಇದು ಬ್ಯಾರೆ" ಎಂದು ನಾನು ಸಾವರಿಸಲು ನೋಡಿದೆ. ಆಗ ನನ್ನ ಸತ್ಯಹರಿಶ್ಚಂದ್ರರು ಬಾಯಿ ಹಾಕಿದರು. "ಬ್ಯಾರೆ ಎಲ್ಲೈತಿ? ನಮ್ಮ ಮನಿ ಒಲಿಗೆ ಪೈಪಿನಾಗ ಬರತೈತಲ್ಲ, ಅದ ಗ್ಯಾಸ್ ಇದು." ನಾನು ಅವರನ್ನು ನುಂಗುವ ಹಾಗೆ ನೋಡಿದೆ. ಅವರಿಗೆ ಏನೂ ತಿಳಿಯಲಿಲ್ಲ.

ಅಕ್ಕ ಡಿಕ್ಕಿಯ ಅಂಚು ಹಿಡಿದು ನಿಂತಳು. "ಹಂಗಾರ ನಿನ್ನ ಒಲಿನ ಇಲ್ಲಿ ತನಕಾ ಬಂದೈತಿ" ಎಂದಳು. "ಯಾವಾಗ ಹಾಕಿಸಿದಿ?"

ಯುಗಾದಿ ಹೊತ್ತಿಗೆ ಎಂದೆ. ಯುಗಾದಿಯಿಂದ ಈಚೆಗೆ ಉಂಡ ಊಟಗಳೆಲ್ಲ ಅವಳ ಕಣ್ಣ ಮುಂದೆ ಬಂದದ್ದು ಮುಖದಲ್ಲೇ ಕಾಣುತ್ತಿತ್ತು. ಹಲಸಿನ ಹಣ್ಣನ್ನು ಮರದ ಬುಡದಲ್ಲಿಯೇ ಬಿಟ್ಟು ಸೆರಗು ಹೊದ್ದು ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಬಿಟ್ಟುಬರುತ್ತೇನೆ ಎಂದು ಕಾರು ಪಕ್ಕಕ್ಕೆ ತಂದರೂ ಹತ್ತಲಿಲ್ಲ.

ಆಮೇಲಿನ ರವಿವಾರ ಅವಳು ಸಂತೆಗೆ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಭತ್ತದ ಅಗೆಯ ಕೆಲಸ ಎಂದು ಫೋನಿನಲ್ಲಿ ಹೇಳಿದಳು. ನಾನು ಆದರೂ ಬುತ್ತಿ ಕಟ್ಟಿಕೊಂಡು ಹೋಗಿ ಮರದ ಕೆಳಗೆ ಕಾಯುತ್ತಿದ್ದೆ. ಪಕ್ಕದ ಸೀಟು ಖಾಲಿಯಾದರೆ ಆ ಪುಟ್ಟ ಗಾಡಿ ಕೂಡ ಎಷ್ಟು ವಿಶಾಲ ಎಂದು ಗೊತ್ತಾಯಿತು. ಗೇರು ಹಾಕುವಾಗ ಮೊಣಕೈಗೆ ಏನೂ ತಾಗುತ್ತಿರಲಿಲ್ಲ. ಅವಳು ಬೇಕು, ಅವಳು ಈಗಲೇ ಬೇಕು ಎಂದು ಚಿಕ್ಕ ಹುಡುಗಿಯ ಹಾಗೆ ಅನ್ನಿಸುತ್ತಿತ್ತು. ಒಂದು ಸಲ ಮಳೆಯಲ್ಲಿ ಒಬ್ಬಳೇ ಉಣ್ಣಲು ಕೂತು, ಆಗದೆ ಬುತ್ತಿ ಕಟ್ಟಿ ವಾಪಸು ತಂದೆ. ಕಟ್ಟಿದ್ದು ಕಟ್ಟಿದ ಹಾಗೇ ಇದ್ದುದನ್ನು ನೋಡಿ ಗಂಡ ಅದನ್ನು ಎತ್ತಿ ಒಳಗಿಟ್ಟರು. ಆಮೇಲೆ, "ಸಿಲಿಂಡರ್ ತಗಸಿಬಿಡೂಣು. ಹೋಗಲಿ ಅತ್ಲಾಗ ಮೈಲೇಜು" ಎಂದರು. ಆ ಮನುಷ್ಯನ ಬಾಯಲ್ಲಿ ಇಂಥ ಮಾತು ಬರುತ್ತದೆ ಎಂದು ನಾನು ಎಣಿಸಿರಲಿಲ್ಲ. ಅವರ ಮೇಲೆ ಇದ್ದ ಸಿಟ್ಟೆಲ್ಲ ಇಳಿದುಹೋಯಿತು.

ಆದರೆ ನಾವು ಗ್ಯಾರೇಜಿಗೆ ಹೋಗುವ ಮೊದಲೇ, ರಜೆಯ ಒಂದು ಬೆಳಿಗ್ಗೆ, ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಬೆಳಗಾವಿಯ ಬಸ್ಸು ಹತ್ತಿ ನೇರ ಬಂದಿದ್ದಳು. ಕೈಯಲ್ಲಿ ನೀರಿನ ಬಾಟಲಿ ಇರಲಿಲ್ಲ. ಪಡಸಾಲೆಯಲ್ಲಿ ಕೂರದೆ ಸೀದಾ ಅಡುಗೆಮನೆಗೆ ಬಂದು, ನೆಲದ ಮೇಲೆ ಕೂತಳು.

"ರೊಟ್ಟಿ ಮಾಡು," ಎಂದಳು. "ಬಿಸೇವು ಬೇಕ ನೋಡು ನನಗ."

"ಅಕ್ಕಾ, ರೂಢಿ?"

"ಮುರದ ಹೋತಲ್ಲ, ಗಾಡ್ಯಾಗ. ಇನ್ನೇನ ಉಳದೈತಿ."

ನಾನು ಹಿಟ್ಟು ನಾದಿದೆ. ರೊಟ್ಟಿ ಬಡಿಯುವಾಗ ಕೈ ಎಷ್ಟು ಸಲ ತಪ್ಪಿತೋ. ಮೊದಲನೆಯದು ಹರಿಯಿತು, ಅದನ್ನೇ ಕೊಡು ಎಂದಳು. ಬೆಣ್ಣೆ ಹಚ್ಚಿಕೊಂಡು ತಿಂದಳು. ನಾನು ಇಷ್ಟು ವರ್ಷ ಮನಸ್ಸಿನಲ್ಲಿ ನೋಡಿದ್ದು ಇದನ್ನೇ. ಅವಳು ಅಲ್ಲಿ, ನಾನು ಇಲ್ಲಿ, ನಡುವೆ ಬಿಸಿ ತಾಟು. ಅವಳು ತಲೆಯೆತ್ತದೆ ಮಾತಾಡಿದಳು.

"ಮಂದಿ ನನಗ ಹಟಮಾರಿ ಅಂತಿದ್ರು. ಹಟ ಅಲ್ಲವಾ ಅದು. ನಾ ಉಣ್ಣದ ಇರೂ ತನಕಾ, ಇವತ್ತಿಲ್ಲಾ ನಾಳೆ ನಿನ್ನ ಮನ್ಯಾಗ ತೊಟ್ಲಾ ಕಟ್ಟತಾರ ಅಂತ ನನಗೊಂದ ಧೈರ್ಯಾ ಇರತಿತ್ತು. ಉಂಡ್ನೆಂದ್ರ ಕಾಯೂದ ಬಿಟ್ಟಂಗ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಆ ಡಿಕ್ಕಿ ನೋಡಿದ ದಿನಾನ ತಿಳೀತು, ಕೂಸಿನ ಸಾಮಾನಕ್ಕ ಜಾಗಾನ ಇಟ್ಟಿಲ್ಲ, ನೀವಿಬ್ರೂ ಕಾಯೂದ ಬಿಟ್ಟೀರಿ. ನಾ ಒಬ್ಬಾಕೀನ ಎಷ್ಟ ದಿನಾ ಕಾಯಲಿ?"

ಹೆಂಚಿನ ಮೇಲಿನ ರೊಟ್ಟಿ ಉಬ್ಬಿತ್ತು. ಅಕ್ಕ ನನ್ನ ಮನೆಯಲ್ಲಿ ಉಣ್ಣಲಿ ಎಂದು ಇಷ್ಟು ವರ್ಷ ಹಂಬಲಿಸಿದವಳಿಗೆ, ಆ ಕ್ಷಣದಲ್ಲಿ, ಅವಳು ತಾಟನ್ನು ಪಕ್ಕಕ್ಕೆ ಸರಿಸಿ ಎದ್ದುಹೋಗಲಿ ಎನ್ನಿಸಿತು. ಪಡಸಾಲೆಯಲ್ಲಿ ತನ್ನ ಬಾಟಲಿ ಹಿಡಿದು ಕೂತು ಇನ್ನೊಂದು ವರ್ಷ ಕಾಯಲಿ, ನನ್ನ ಮೇಲೆ ಹಟ ಮಾಡಲಿ.

ರೊಟ್ಟಿಯನ್ನು ಅವಳ ತಾಟಿಗೆ ಹಾಕಿದೆ. ಅವಳು ಬೇಡ ಎನ್ನಲಿಲ್ಲ.